ಲಾಸ್ ಏಂಜಲೀಸ್‌ನಲ್ಲಿ ಒಂದೇ ವರ್ಷ ಇದ್ದ ಆಗಸ್ಟ್ ವೋಲ್ಮರ್ ದೊಡ್ಡ ಸುಧಾರಕ ಹೇಗಾದರು?

ಶಾಲ್ಮಲಾ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಕ್ರಿಮಿನಾಲಜಿ ಓದುತ್ತಿದ್ದೇನೆ. ಜೊತೆಗೆ ಪಿಎಸ್‌ಐ ಪರೀಕ್ಷೆಯ ತಯಾರಿಯೂ ನಡೆದಿದೆ. ಪೊಲೀಸ್ ಆಡಳಿತದ ಪಾಠದಲ್ಲಿ ಆಗಸ್ಟ್ ವೋಲ್ಮರ್ ಅನ್ನುವವರ ಹೆಸರು ಪದೇ ಪದೇ ಬರುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಪೊಲೀಸ್ ಮುಖ್ಯಸ್ಥರು. ನೋಟ್ಸ್‌ನಲ್ಲಿ ಇರುವುದು ಇಷ್ಟೇ: ಆಧುನಿಕ ಪೊಲೀಸ್ ವ್ಯವಸ್ಥೆಯ ಪಿತಾಮಹ, ಸೈಕಲ್ ತಂದರು, ಕಾರು ತಂದರು, ಪೊಲೀಸ್ ಶಾಲೆ ತೆರೆದರು, ಲೈ ಡಿಟೆಕ್ಟರ್ ಮಾಡಿಸಿದರು. ಬಾಯಿಪಾಠ ಮಾಡಿ ಬರೆದರೆ ಅಂಕ ಬರುತ್ತದೆ. ಮನುಷ್ಯ ಎಂಥವರು ಅಂತ ಗೊತ್ತಾಗುವುದಿಲ್ಲ.

ನನ್ನ ತಲೆ ತಿನ್ನುತ್ತಿರುವುದು ಬೇರೆ ವಿಷಯ. 1923ರಲ್ಲಿ ಲಾಸ್ ಏಂಜಲೀಸ್‌ನವರು ಇವರನ್ನು ಕರೆಸಿಕೊಂಡರು. ಒಂದೇ ವರ್ಷಕ್ಕೆ ವಾಪಸ್ ಬಂದರು. ಹಾಗಾದರೆ ಬರ್ಕ್ಲಿಯಲ್ಲಿ ಆಗಿದ್ದು ಸುಧಾರಣೆಯೋ, ಅಥವಾ ಊರು ಚಿಕ್ಕದು, ಜನ ಓದಿದವರು, ಅದಕ್ಕೇ ನಡೆದುಹೋಯಿತೋ? ಇಲಾಖೆಯಲ್ಲಿ ಕೆಲಸ ಮಾಡಿದ ಹಿರಿಯರು ಇದ್ದರೆ ದಯವಿಟ್ಟು ಹೇಳಿ. ವಿಕಿಪೀಡಿಯಾ ಲಿಂಕ್ ಬೇಡ, ಓದಿ ಆಗಿದೆ.

ಹಳೇ_ರೈಟರ್ ಉತ್ತರ:

ತಂಗಿ, ನಾನು ಸ್ಟೇಷನ್ ರೈಟರ್ ಆಗಿ ಸವೆದವನು, ಎಎಸ್‌ಐ ಆಗಿ ನಿವೃತ್ತಿಯಾದವನು. ಎಫ್‌ಐಆರ್, ಸ್ಟೇಷನ್ ಹೌಸ್ ಡೈರಿ, ಪಾಯಿಂಟ್ ಬುಕ್, ರೌಡಿ ಶೀಟ್ ಬರೆದೂ ಬರೆದೂ ಕಣ್ಣಿಗೆ ಕನ್ನಡಕ ಬಂತು. ವೋಲ್ಮರ್ ಸಾಹೇಬರ ಬಗ್ಗೆ ಓದಿದ್ದು ನಿವೃತ್ತಿಯಾದ ಮೇಲೆ. ಓದುವಾಗ ನನಗೆ ಮೊದಲು ಹಿಡಿಸಿದ್ದು ಸೈಕಲ್ ಅಲ್ಲ, ಲೈ ಡಿಟೆಕ್ಟರೂ ಅಲ್ಲ. ಇವರಿಗೆ ರೈಟರ್ ಕೆಲಸದ ಬೆಲೆ ಗೊತ್ತಿತ್ತು.

ಹುಟ್ಟಿದ್ದು 1876ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಜರ್ಮನಿಯಿಂದ ವಲಸೆ ಬಂದವರ ಮಗ. ಶಾಲೆ ಆರನೇ ಕ್ಲಾಸಿಗೇ ಮುಗಿಯಿತು. ಆಮೇಲೆ ಕಲಿತಿದ್ದು ಟೈಪಿಂಗ್, ಶಾರ್ಟ್‌ಹ್ಯಾಂಡ್, ಲೆಕ್ಕ ಬರೆಯುವುದು. ಬರ್ಕ್ಲಿಗೆ ಬಂದು ಗೆಳೆಯನ ಜೊತೆ ಸೌದೆ, ಕಲ್ಲಿದ್ದಲು, ದನಕುದುರೆಗೆ ಮೇವು ಮಾರುವ ಅಂಗಡಿ ಇಟ್ಟರು. 1898ರಲ್ಲಿ ಸ್ಪೇನ್ ಜೊತೆ ಯುದ್ಧವಾದಾಗ ಸೈನ್ಯ ಸೇರಿ ಫಿಲಿಪ್ಪೀನ್ಸ್‌ಗೆ ಹೋದರು. ತಿರುಗಿ ಬಂದು ಪೋಸ್ಟ್‌ಮ್ಯಾನ್ ಆದರು.

ಈ ಪೋಸ್ಟ್‌ಮ್ಯಾನ್ ಕೆಲಸ ನಿಮ್ಮ ನೋಟ್ಸ್‌ನಲ್ಲಿ ಇದೆಯಾ? ಇಲ್ಲದಿದ್ದರೆ ಸೇರಿಸಿಕೊಳ್ಳಿ. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಮಗ ಊರು ಬಿಟ್ಟ, ಯಾವ ಗಲ್ಲಿ ಕತ್ತಲಲ್ಲಿ ಹೇಗಿರುತ್ತದೆ, ಇದೆಲ್ಲ ಪೋಸ್ಟ್‌ಮ್ಯಾನ್‌ಗೆ ಗೊತ್ತಿರುವಷ್ಟು ಪೊಲೀಸಿಗೂ ಗೊತ್ತಿರುವುದಿಲ್ಲ. 1904ರಲ್ಲಿ ಒಂದು ದಿನ ಸರಕಿನ ರೈಲು ಬೋಗಿಯೊಂದು ಶ್ಯಾಟಕ್ ಅವೆನ್ಯೂದ ಇಳಿಜಾರಿನಲ್ಲಿ ತಾನಾಗಿಯೇ ಉರುಳಿಕೊಂಡು, ಜನ ಕೂತಿದ್ದ ಬೋಗಿಯ ಕಡೆಗೆ ಹೊರಟಿತು. ಇವರು ಓಡಿ ಹತ್ತಿ ಬ್ರೇಕ್ ಹಾಕಿದರು. ಊರಿಗೆಲ್ಲ ಹೆಸರಾಯಿತು. ಅಲ್ಲಿನ ಪತ್ರಿಕೆ ನಡೆಸುತ್ತಿದ್ದ ಫ್ರೆಂಡ್ ರಿಚರ್ಡ್‌ಸನ್ ಅನ್ನುವವರು, ಮುಂದೆ ಕ್ಯಾಲಿಫೋರ್ನಿಯಾಕ್ಕೆ ಗವರ್ನರ್ ಆದವರು, ಮಾರ್ಷಲ್, ಅಂದರೆ ಊರಿನ ಪೊಲೀಸ್ ಮುಖ್ಯಸ್ಥನ ಚುನಾವಣೆಗೆ ನಿಲ್ಲು ಅಂತ ಬೆನ್ನು ಬಿದ್ದರು. 1905ರಲ್ಲಿ ಗೆದ್ದರು. ಕೈಕೆಳಗೆ ಇದ್ದವರು ಮೂವರೇ.

ಮೊದಲ ವರ್ಷಗಳಲ್ಲಿ ಮಾಡಿದ್ದು ದೊಡ್ಡ ದೊಡ್ಡ ಕೆಲಸ ಏನಲ್ಲ. ನಡೆದು ಹೋಗುತ್ತಿದ್ದವರಿಗೆ ಸೈಕಲ್ ಕೊಡಿಸಿದರು. ರಸ್ತೆ ಕೂಡುವ ಕಡೆ ಎತ್ತರದಲ್ಲಿ ಕೆಂಪು ದೀಪ ಕಟ್ಟಿಸಿದರು. ದೂರು ಬಂದರೆ ಠಾಣೆಯಿಂದ ಆ ದೀಪ ಹೊತ್ತಿಸುವುದು. ಬೀಟ್‌ನಲ್ಲಿರುವವನು ನೋಡಿ ಹತ್ತಿರದ ಫೋನ್ ಪೆಟ್ಟಿಗೆಗೆ ಓಡುವುದು. ವಾಕಿಟಾಕಿ ಬರುವ ಎಷ್ಟೋ ಮೊದಲಿನ ಮಾತು ಇದು. ರಾತ್ರಿ ಬೀಟ್ ಕಾನ್‌ಸ್ಟೇಬಲ್ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಠಾಣೆಯಲ್ಲಿ ಕೂತು ಒದ್ದಾಡಿದವರಿಗೆ ಆ ಕೆಂಪು ದೀಪ ಏನು ಅಂತ ಅರ್ಥವಾಗುತ್ತದೆ.

ಆಮೇಲೆ ದಾಖಲೆ. ಕಳ್ಳನ ಹೆಸರು ಗೊತ್ತಿಲ್ಲದಿದ್ದರೂ ಅವನ ಕೆಲಸದ ರೀತಿ ಗೊತ್ತಿರುತ್ತದೆ. ಒಬ್ಬ ಹೆಂಚು ತೆಗೆದು ಇಳಿಯುತ್ತಾನೆ, ಇನ್ನೊಬ್ಬ ಹಿಂದಿನ ಬಾಗಿಲ ಚಿಲಕವನ್ನೇ ಮುರಿಯುತ್ತಾನೆ, ಮತ್ತೊಬ್ಬ ಕದ್ದ ಮನೆಯಲ್ಲೇ ಊಟ ಮಾಡಿ ಹೋಗುತ್ತಾನೆ. ಇದನ್ನೆಲ್ಲ ಕಾರ್ಡಿನಲ್ಲಿ ಬರೆದು ಜೋಡಿಸಿಟ್ಟರೆ ಮುಂದಿನ ಕಳ್ಳತನಕ್ಕೆ ಆಳು ಸಿಗುತ್ತಾನೆ. ಮೂಲ ಯೋಚನೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿದ್ದ ಆಚರ್ಲಿ ಅನ್ನುವ ಪೊಲೀಸ್ ಅಧಿಕಾರಿಯದು. ವೋಲ್ಮರ್ ಅದನ್ನು ಬರ್ಕ್ಲಿಗೆ ಹೊಂದಿಸಿಕೊಂಡರು. ನಮ್ಮಲ್ಲಿ ಎಂಒಬಿ (ಮೋಡಸ್ ಆಪರೆಂಡಿ ಬ್ಯೂರೋ, ಅಪರಾಧಿಗಳ ಕೆಲಸದ ರೀತಿ ದಾಖಲಿಸುವ ವಿಭಾಗ) ಅಂತ ಇದೆಯಲ್ಲ, ಅದೂ ಇದೇ ವಂಶದ್ದು. ನಮ್ಮ ಕಡೆ ಆ ವಿಭಾಗಕ್ಕೆ ಹಾಕಿದರೆ ಶಿಕ್ಷೆ ಅಂತ ಅಂದುಕೊಳ್ಳುವವರೇ ಜಾಸ್ತಿ. ಬರ್ಕ್ಲಿಯಲ್ಲಿ ಇಡೀ ಠಾಣೆ ಅದರ ಸುತ್ತ ನಿಂತಿತ್ತು.

1908ರಲ್ಲಿ ಪೊಲೀಸ್ ಶಾಲೆ ಶುರು ಮಾಡಿದರು. ಪಾಠಕ್ಕೆ ವಿಶ್ವವಿದ್ಯಾಲಯದ ಪ್ರೊಫೆಸರ್‌ಗಳೇ ಬರುತ್ತಿದ್ದರು. 1916ರಲ್ಲಿ ವಿಶ್ವವಿದ್ಯಾಲಯದೊಳಗೇ ಬೇಸಿಗೆ ತರಗತಿ ಆಯಿತು. ಓದುತ್ತಿದ್ದ ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡರು. ಹಗಲು ಕ್ಲಾಸು, ರಾತ್ರಿ ಬೀಟ್. ಬೇರೆ ಊರಿನವರು 'ಕಾಲೇಜ್ ಪೊಲೀಸರು' ಅಂತ ನಗುತ್ತಿದ್ದರು. ಆರನೇ ಕ್ಲಾಸ್ ಓದಿದವರು ಪದವೀಧರರೇ ಬೇಕು ಅಂತ ಹಟ ಹಿಡಿದರಲ್ಲ, ಅದು ನನಗೆ ಇಷ್ಟವಾಯಿತು. ತಾನು ಓದಲಿಲ್ಲ, ಹಾಗಾಗಿ ಓದು ಬೇಕಿಲ್ಲ ಅನ್ನುವ ಸಾಹೇಬರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಪದ್ಧತಿ ಇತ್ತು. ಶುಕ್ರವಾರ ಎಲ್ಲರೂ ಕೂಡುತ್ತಿದ್ದರು. ಯಾರು ಯಾರ ಮೇಲೆ ಬೇಕಾದರೂ ದೂರು ಹೇಳಬಹುದು, ಚೀಫ್ ಮೇಲೂ. ಆ ಕೋಣೆಯ ಮಾತು ಅಲ್ಲಿಗೇ ಮುಗಿಯಬೇಕು. ನಮ್ಮ ಬೆಳಗಿನ ರೋಲ್ ಕಾಲ್‌ನಲ್ಲಿ ಸಾಹೇಬರ ಎದುರು 'ನಿಮ್ಮ ಆರ್ಡರ್ ತಪ್ಪು ಸಾರ್' ಅಂದವನು ಆ ವಾರದ ರಜೆ ಮರೆಯಬೇಕು.

ಹೊಡೆತದ ವಿಷಯಕ್ಕೆ ಬರುತ್ತೇನೆ. ಆಗ ಅಮೆರಿಕದಲ್ಲಿ ಥರ್ಡ್ ಡಿಗ್ರಿ ಅನ್ನುವುದು ತನಿಖೆಯ ಮಾಮೂಲಿ ದಾರಿ. ವೋಲ್ಮರ್ ಅದನ್ನು ತಮ್ಮ ಠಾಣೆಯಲ್ಲಿ ನಿಲ್ಲಿಸಿದರು. ಬರೀ ಹೊಡೆಯಬೇಡಿ ಅಂದರೆ ಸಾಲದು, ಕೇಸು ಬಿಡಿಸುವುದು ಹೇಗೆ ಅಂತ ಕಾನ್‌ಸ್ಟೇಬಲ್ ಕೇಳೇ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿ ಬಂದಿದ್ದೇ ಕಾರ್ಡು, ಬೆರಳಚ್ಚು, ಲ್ಯಾಬ್, ಕೊನೆಗೆ ಲೈ ಡಿಟೆಕ್ಟರ್. ನೋಟ್ಸ್‌ನಲ್ಲಿ ಬೇರೆ ಬೇರೆಯಾಗಿ ಬರೆದಿರುವ ಇವೆಲ್ಲ ಒಂದೇ ಯೋಚನೆಯಿಂದ ಬಂದವು.

1921ರಲ್ಲಿ ಆ ಯಂತ್ರ ಮಾಡಿದ್ದು ಜಾನ್ ಲಾರ್ಸನ್. ಪಿಎಚ್‌ಡಿ ಮಾಡಿ ಬರ್ಕ್ಲಿಯಲ್ಲಿ ಬೀಟ್ ತಿರುಗುತ್ತಿದ್ದ ಪೊಲೀಸ್. ಉಸಿರಾಟ, ರಕ್ತದ ಒತ್ತಡ ಎರಡನ್ನೂ ಒಟ್ಟಿಗೆ ಕಾಗದದ ಮೇಲೆ ಗೀಚುವ ಯಂತ್ರ. ಮೊದಲ ಕೇಸು ಹುಡುಗಿಯರ ಹಾಸ್ಟೆಲ್‌ನಲ್ಲಿ ಆಗುತ್ತಿದ್ದ ಕಳ್ಳತನ. ಪರೀಕ್ಷೆಗೆ ಕೂತಿದ್ದ ಹುಡುಗಿಯರಲ್ಲಿ ಒಬ್ಬರನ್ನು ಲಾರ್ಸನ್ ಆಮೇಲೆ ಮದುವೆಯಾದರು, ಅದು ಬೇರೆ ಕಥೆ. ಮುಂದೆ ಅದೇ ಲಾರ್ಸನ್ ತನ್ನ ಯಂತ್ರದ ವಿರುದ್ಧವೇ ಮಾತಾಡಿದರು. ಪೊಲೀಸರ ಕೈಗೆ ಸಿಕ್ಕು ಅದೂ ಹೆದರಿಸಿ ತಪ್ಪೊಪ್ಪಿಗೆ ಹೇಳಿಸುವ ಸಾಧನವಾಯಿತು ಅನ್ನುವುದು ಅವರ ಸಂಕಟ. ನಮಗೂ ಇದು ಹೊಸದಲ್ಲ. ಒಂದು ಕಾಲಕ್ಕೆ ಮಂಪರು ಪರೀಕ್ಷೆ ಅಂದರೆ ಬೆಂಗಳೂರು ಅನ್ನುವ ಹಾಗಿತ್ತು. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು, ಪಾಲಿಗ್ರಾಫ್ (ಅದೇ ಲೈ ಡಿಟೆಕ್ಟರ್), ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ ಎಂದಿತು. ಪರೀಕ್ಷೆಯಲ್ಲಿ ವೋಲ್ಮರ್ ಬಗ್ಗೆ ಬರೆಯುವಾಗ ಈ ತೀರ್ಪನ್ನೂ ಬರೆಯಿರಿ, ಪೇಪರ್ ತಿದ್ದುವವರು ಖುಷಿಯಾಗುತ್ತಾರೆ.

ಈಗ ಲಾಸ್ ಏಂಜಲೀಸ್. 1923ರ ಆಗಸ್ಟ್‌ನಿಂದ ಒಂದು ವರ್ಷಕ್ಕೆ ಬರ್ಕ್ಲಿಯಿಂದ ರಜೆ ಪಡೆದು ಹೋದರು. ಅಂದರೆ ಇವರು ಒಂದು ವರ್ಷದ ಅತಿಥಿ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತು. ಅದು ಪಾನನಿಷೇಧದ ಕಾಲ. ಕಳ್ಳ ಸಾರಾಯಿ, ಜೂಜು, ವೇಶ್ಯಾವಾಟಿಕೆ ಎಲ್ಲದರ ದುಡ್ಡೂ ರಾಜಕೀಯಕ್ಕೆ ಹರಿಯುತ್ತಿತ್ತು. ಮೇಯರ್ ಜಾರ್ಜ್ ಕ್ರೈಯರ್. ಅವರ ಬೆನ್ನ ಹಿಂದೆ ಕೆಂಟ್ ಪ್ಯಾರಟ್ ಅನ್ನುವ ವಕೀಲ, ಪೊಲೀಸ್ ಪೋಸ್ಟಿಂಗ್ ತನಕ ಕೈಯಾಡಿಸುತ್ತಿದ್ದವನು. ಇಂಥ ಕಡೆ ಹೋಗಿ ವೋಲ್ಮರ್ ಇಲಾಖೆಯನ್ನು ಹೊಸದಾಗಿ ವಿಂಗಡಿಸಿದರು. ಯಾವ ಏರಿಯಾದಲ್ಲಿ ಯಾವ ಹೊತ್ತಿನಲ್ಲಿ ಅಪರಾಧ ಆಗುತ್ತದೆ ಅಂತ ನೋಡಿ ಸಿಬ್ಬಂದಿ ಹಾಕಿದರು. ಎಲ್ಲರಿಗೂ ಬುದ್ಧಿಮತ್ತೆ ಪರೀಕ್ಷೆ ಇಟ್ಟರು. ಇಪ್ಪತ್ತು ವರ್ಷ ಸರ್ವಿಸ್ ಆದವನ ಮುಂದೆ ಪ್ರಶ್ನೆಪತ್ರಿಕೆ ಇಟ್ಟರೆ ಅವನ ಮುಖ ಹೇಗಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅವರೆಲ್ಲ ಎದುರು ಮಾತಾಡಲಿಲ್ಲ. ಕ್ಯಾಲೆಂಡರ್ ನೋಡಿಕೊಂಡು ಸುಮ್ನೆ ಕಾದರು. ವರ್ಷ ಮುಗಿಯಿತು, ಸಾಹೇಬರು ಹೋದರು, ಅವರು ಬರೆದಿಟ್ಟ ದಪ್ಪ ವರದಿ ಕಪಾಟು ಸೇರಿತು.

ಬರ್ಕ್ಲಿಯಲ್ಲಿ ಇದ್ದದ್ದು 1905ರಿಂದ 1932ರವರೆಗೆ. ಇಪ್ಪತ್ತೇಳು ವರ್ಷ, ತಂಗಿ! ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಊರು ಚಿಕ್ಕದು ಅನ್ನುವುದೂ ಒಂದು ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ಈ ಸಾಹೇಬರು ನಾಳೆಯೂ ಇಲ್ಲೇ ಇರುತ್ತಾರೆ, ನಾಡಿದ್ದೂ ಇರುತ್ತಾರೆ ಅಂತ ಕೆಳಗಿನವರಿಗೆ ಖಾತ್ರಿಯಾದರೆ ಮಾತ್ರ ಅವರು ಬದಲಾಗುತ್ತಾರೆ. ಇದನ್ನು ವೋಲ್ಮರ್ ತಾವೇ ಹೇಳಿದ್ದಾರೆ. ಅಮೆರಿಕದ ಅಧ್ಯಕ್ಷ ಹೂವರ್ 1929ರಲ್ಲಿ ಕಾನೂನು ಪಾಲನೆ ಹೇಗೆ ನಡೆಯುತ್ತಿದೆ ಅಂತ ನೋಡಲು ವಿಕರ್‌ಷಾಮ್ ಆಯೋಗ ನೇಮಿಸಿದರಲ್ಲ, ಅದರ ಪೊಲೀಸ್ ವರದಿಯ ಹಿಂದೆ ಇದ್ದವರು ಇವರೇ. 1931ರಲ್ಲಿ ಹೊರಬಂತು. ಮುಖ್ಯಸ್ಥರ ಅವಧಿ ತೀರಾ ಚಿಕ್ಕದು, ರಾಜಕಾರಣಿಗಳು ಯಾವಾಗ ಬೇಕಾದರೂ ಎತ್ತಂಗಡಿ ಮಾಡಬಹುದು, ದೊಡ್ಡ ರೋಗ ಇದೇ ಅಂತ ಆ ವರದಿ ಹೇಳುತ್ತದೆ. 2006ರಲ್ಲಿ ಪ್ರಕಾಶ್ ಸಿಂಗ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಡಿಜಿಪಿಯಿಂದ ಹಿಡಿದು ಠಾಣೆಯ ಅಧಿಕಾರಿಯ ತನಕ ಕನಿಷ್ಠ ಎರಡು ವರ್ಷ ಒಂದೇ ಜಾಗದಲ್ಲಿ ಇರಬೇಕು ಅಂತ ಹೇಳಿದ್ದೂ ಇದನ್ನೇ. ಎರಡು ವರ್ಷ ಸಾಕಾ ಅಂತ ಕೇಳಿದರೆ, ನನ್ನ ಅನುಭವದಲ್ಲಿ ಹೊಸ ಸಾಹೇಬರಿಗೆ ಠಾಣೆಯ ಒಳಗಿನ ಗುಂಪುಗಳು ಗೊತ್ತಾಗಲಿಕ್ಕೇ ಒಂದು ವರ್ಷ ಬೇಕು.

ಈಸ್ಟ್‌ಬೇ_ಗೌಡ ಉತ್ತರ:

ರೈಟರ್ ಸರ್, ಓದಿ ಖುಷಿಯಾಯಿತು. ನಾನು ಬರ್ಕ್ಲಿಯ ಪಕ್ಕದ ಊರಿನಲ್ಲಿದ್ದೇನೆ. ಇಲ್ಲಿ ಟಿಲ್ಡನ್ ಪಾರ್ಕ್ ಹತ್ತಿರ ವೋಲ್ಮರ್ ಪೀಕ್ ಅಂತ ಬೆಟ್ಟ ಇದೆ. ನಮ್ಮ ಕನ್ನಡ ಗೆಳೆಯರೆಲ್ಲ ವಾರಾಂತ್ಯಕ್ಕೆ ಹತ್ತುತ್ತೇವೆ. ತುಂಬಾ ಜನಕ್ಕೆ ಅದು ಪೊಲೀಸ್ ಅಧಿಕಾರಿಯ ಹೆಸರು ಅಂತ ಗೊತ್ತೇ ಇಲ್ಲ. ನಿವೃತ್ತಿಯಾದ ಮೇಲೆ 1934ರಲ್ಲಿ ಈ ಭಾಗದ ಉದ್ಯಾನಗಳ ಮಂಡಳಿ ಶುರುವಾದಾಗ ಮೊದಲ ಐದು ಸದಸ್ಯರಲ್ಲಿ ಇವರೂ ಒಬ್ಬರು. ನಾವು ಇವತ್ತು ಓಡಾಡುವ ಕಾಡು ಉಳಿದಿದ್ದರಲ್ಲಿ ಇವರ ಪಾಲೂ ಇದೆ.

ನಾನು ಸೇರಿಸುವುದು ವಾಲ್ಟರ್ ಗಾರ್ಡನ್ ಕಥೆ. 1919ರಲ್ಲಿ ವೋಲ್ಮರ್ ಒಬ್ಬ ಕಪ್ಪು ಯುವಕನನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಂಡರು. ಬರ್ಕ್ಲಿಗೆ ಅವರೇ ಮೊದಲಿಗರು. ಫುಟ್‌ಬಾಲ್‌ನಲ್ಲಿ ಆಗಲೇ ಹೆಸರು ಮಾಡಿದ್ದವರು. ಕೆಲವು ಬಿಳಿಯ ಪೊಲೀಸರು ನಾವು ಕೆಲಸ ಬಿಡುತ್ತೇವೆ ಅಂದರಂತೆ. ಬ್ಯಾಡ್ಜ್ ಮೇಜಿನ ಮೇಲೆ ಇಟ್ಟು ಹೋಗಿ ಅಂದರಂತೆ ಚೀಫ್. ಯಾರೂ ಹೋಗಲಿಲ್ಲ. ಗಾರ್ಡನ್ ಬೀಟ್ ಮಾಡುತ್ತಲೇ ಕಾನೂನು ಓದಿ 1922ರಲ್ಲಿ ಪದವಿ ಪಡೆದರು. ವಕೀಲರಾದರು, 1955ರಲ್ಲಿ ವರ್ಜಿನ್ ಐಲ್ಯಾಂಡ್ಸ್‌ಗೆ ಗವರ್ನರ್ ಆದರು, ಆಮೇಲೆ ಫೆಡರಲ್ ಜಡ್ಜ್. 1925ರಲ್ಲಿ ವೋಲ್ಮರ್ ಎಲಿಜಬೆತ್ ಲಾಸಿಂಗ್ ಅನ್ನುವವರನ್ನು ಇಲಾಖೆಗೆ ತಂದರು. ಅವರು ಸಮಾಜಸೇವೆಯ ಹಿನ್ನೆಲೆಯವರು. ಮಕ್ಕಳು, ಹೆಂಗಸರ ವಿಷಯ ಅವರಿಗೆ ಬಿಟ್ಟರು.

ಇನ್ನು ಸ್ಯಾನ್ ಹೋಸೆಯಲ್ಲಿರುವ ಕನ್ನಡಿಗರಿಗೆ ಒಂದು ಮಾತು. 1930ರಲ್ಲಿ ನಿಮ್ಮ ಊರಿನ ಸ್ಟೇಟ್ ಕಾಲೇಜಿನಲ್ಲಿ ಪೊಲೀಸ್ ಕೋರ್ಸ್ ಶುರುವಾಗಿದ್ದರಲ್ಲೂ ಇವರ ಕೈ ಇತ್ತು.

ಇನ್ನೊಂದು_ಮಗ್ಗುಲು ಉತ್ತರ:

ಇಷ್ಟು ಹೊಗಳಿಕೆ ಆಯಿತು, ಸ್ವಲ್ಪ ಖಾರ ಹಾಕುತ್ತೇನೆ. ಬೇಸರ ಬೇಡ ರೈಟರ್ ಸರ್.

ಫಿಲಿಪ್ಪೀನ್ಸ್ ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ. ಅಲ್ಲಿ ಅಮೆರಿಕ ವಸಾಹತು ಕಟ್ಟಲು ಹೋಗಿತ್ತು. ಆ ಸೈನ್ಯದಲ್ಲಿ ಕಲಿತಿದ್ದನ್ನು ತಾನು ಊರಿನ ಕಳ್ಳರ ಮೇಲೆ ಬಳಸಿದೆ ಅಂತ ವೋಲ್ಮರ್ ಅವರೇ ಹೇಳಿಕೊಂಡಿದ್ದಾರೆ. ಓಡಾಡುವ ಪಡೆ, ನಕ್ಷೆ, ಗುಪ್ತ ಮಾಹಿತಿ ಇದೆಲ್ಲ ಅಲ್ಲಿಂದ ಬಂತು. ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ವಿಶೇಷ ಪಡೆಗೆ ಅಪರಾಧ ಹೊಸಕಿ ಹಾಕುವವರು ಅಂತಲೇ ಹೆಸರು. ಅಮೆರಿಕದ ಪೊಲೀಸ್ ಯಾಕೆ ಸೈನ್ಯದ ಥರ ಕಾಣುತ್ತದೆ ಅಂತ ಹುಡುಕಿಕೊಂಡು ಹೋದ ಇತಿಹಾಸಕಾರರು ಇವರ ಬಾಗಿಲಿಗೇ ಬಂದು ನಿಲ್ಲುತ್ತಾರೆ.

ಆ ಪೊಲೀಸ್ ಶಾಲೆಯ ಪಾಠದಲ್ಲಿ ಜನಾಂಗ ಮತ್ತು ಅಪರಾಧ, ಹುಟ್ಟಿನಿಂದಲೇ ಕೆಟ್ಟವರು ಅನ್ನುವಂಥ ಆಗಿನ ಕಾಲದ 'ವಿಜ್ಞಾನ'ವೂ ಇತ್ತು. ನಮ್ಮಲ್ಲಿ ಬ್ರಿಟಿಷರು 1871ರ ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟು ಅಂತ ಬರೆದುಕೊಂಡರಲ್ಲ, ಅದೂ ಇಂಥದ್ದೇ ಯೋಚನೆ. ಕಾರ್ಡಿನಲ್ಲಿ ಬರೆದಿಡುವುದು ಒಳ್ಳೆಯದು ಅಂತೀರಿ. ಕಾರ್ಡಿನಲ್ಲಿ ಯಾರ ಹೆಸರು ಏರುತ್ತದೆ ಅಂತ ಕೇಳಬೇಕಲ್ವಾ?

ಶಾಲ್ಮಲಾ_ದಂಡೆ:

ಎಲ್ಲರಿಗೂ ಧನ್ಯವಾದ. ರೈಟರ್ ಸರ್, ಪಾಠದಲ್ಲಿ ಓದಿದಾಗ ಸಾಧನಗಳ ಪಟ್ಟಿ ಕಂಡಿತ್ತು, ಈಗ ಕಾರಣ ಕಂಡಿತು. ಕೊನೆಯ ಉತ್ತರವೂ ಸರಿ ಅನಿಸುತ್ತಿದೆ. ಒಂದು ಕೇಳಲೇ? ಇಪ್ಪತ್ತೇಳು ವರ್ಷ ಒಬ್ಬರೇ ಕೂತರೆ ಅದೂ ಅಪಾಯ ಅಲ್ವಾ? ಒಳ್ಳೆಯವರು ಅಂತ ಹೇಗೆ ನಂಬುವುದು? ಮತ್ತೆ ಅವರ ಶಿಷ್ಯರು ಏನು ಮಾಡಿದರು?

ಹಳೇ_ರೈಟರ್ ಉತ್ತರ:

ಖಾರ ಹಾಕಿದವರಿಗೆ ಮೊದಲು. ಕಾರ್ಡಿನಲ್ಲಿ ಯಾರ ಹೆಸರು ಏರುತ್ತದೆ ಅನ್ನುವ ಪ್ರಶ್ನೆ ನೂರಕ್ಕೆ ನೂರು ಸರಿ. ಒಮ್ಮೆ ರೌಡಿ ಶೀಟ್ ತೆರೆದರೆ ಅದನ್ನು ಮುಚ್ಚಿಸಿಕೊಳ್ಳಲು ಮನುಷ್ಯ ಎಷ್ಟು ಅಲೆಯುತ್ತಾನೆ ಅಂತ ನಾನು ನೋಡಿದ್ದೇನೆ. ಬಡವರ ಕೇರಿಯ ಹುಡುಗರ ಶೀಟೇ ಜಾಸ್ತಿ. ಆದರೆ ಒಂದು ಮಾತು ಒಪ್ಪುವುದಿಲ್ಲ. ಜನಾಂಗದ ಪಾಠ ಇಟ್ಟ ಅದೇ ಮನುಷ್ಯ ಗಾರ್ಡನ್‌ಗೆ ಬ್ಯಾಡ್ಜ್ ಕೊಟ್ಟರು. ಎರಡನ್ನೂ ಬರೆಯಬೇಕು, ಒಂದನ್ನು ಬಿಟ್ಟು ಇನ್ನೊಂದಲ್ಲ. 1936ರಲ್ಲಿ ಬರೆದ ಪುಸ್ತಕದಲ್ಲಿ ಮಾದಕ ವಸ್ತುವಿನ ಚಟ ಪೊಲೀಸರ ಕೆಲಸವೇ ಅಲ್ಲ, ಡಾಕ್ಟರ ಕೆಲಸ ಅಂದರು. ಇವತ್ತಿಗೂ ನಮ್ಮಲ್ಲಿ ಅಧಿಕಾರದಲ್ಲಿ ಇರುವ ಸಾಹೇಬರು ಬಾಯಿ ಬಿಟ್ಟು ಹೇಳಲು ಹಿಂಜರಿಯುವ ಮಾತು.

ತಂಗಿ, ಇಪ್ಪತ್ತೇಳು ವರ್ಷ ಅಪಾಯವೇ. ಬರ್ಕ್ಲಿಯಲ್ಲಿ ನಗರಸಭೆ ತಲೆಯ ಮೇಲೆ ಇತ್ತು, ಪತ್ರಿಕೆ ಇತ್ತು, ಶುಕ್ರವಾರದ ಸಭೆ ಇತ್ತು. ಅವು ಇಲ್ಲದ ಕಡೆ ಉದ್ದ ಅವಧಿ ಕೊಟ್ಟರೆ ಪಾಳೇಗಾರ ಹುಟ್ಟುತ್ತಾನೆ. ಅದಕ್ಕೇ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಅವಧಿಯ ಜೊತೆ ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರವೂ ಇದೆ. ನಮ್ಮವರು ಓದುವಾಗ ಮೊದಲನೆಯದನ್ನೇ ಓದುತ್ತಾರೆ.

ಶಿಷ್ಯರಲ್ಲಿ ದೊಡ್ಡ ಹೆಸರು ಓ. ಡಬ್ಲ್ಯೂ. ವಿಲ್ಸನ್. ಬರ್ಕ್ಲಿಯಲ್ಲಿ ಓದುತ್ತಾ ಬೀಟ್ ಮಾಡಿದ ಹುಡುಗ. 1928ರಲ್ಲಿ ಕಾನ್ಸಾಸ್‌ನ ವಿಚಿಟಾ ಊರಿಗೆ ಚೀಫ್ ಆದರು. ಆಮೇಲೆ ಬರ್ಕ್ಲಿಯ ಕ್ರಿಮಿನಾಲಜಿ ವಿಭಾಗಕ್ಕೆ ಡೀನ್. 1960ರಲ್ಲಿ ಶಿಕಾಗೋದಲ್ಲಿ ಪೊಲೀಸರೇ ಕಳ್ಳನ ಜೊತೆ ಸೇರಿ ಅಂಗಡಿ ದೋಚುತ್ತಿದ್ದದ್ದು ಬಯಲಾಯಿತು. ಮೇಯರ್ ಡೇಲಿ ವಿಲ್ಸನ್ ಅವರನ್ನು ಕರೆಸಿದರು. 1967ರವರೆಗೆ ಇದ್ದರು. ಹೊಸ ಸಂಪರ್ಕ ಕೇಂದ್ರ, ಗಸ್ತಿಗೆ ಕಾರು, ಆಡಳಿತದಲ್ಲಿ ಶಿಸ್ತು ಎಲ್ಲ ತಂದರು. ಗುರು ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಶಿಷ್ಯ ಏಳು ವರ್ಷ ಕೂತು ದೊಡ್ಡ ನಗರದಲ್ಲೇ ಮಾಡಿದರು. ಊರು ಚಿಕ್ಕದು ಅಂತ ನಡೆಯಿತಾ ಅಂತ ಕೇಳಿದ್ದಿರಲ್ಲ, ಅದಕ್ಕೆ ಇದನ್ನು ಬರೆಯಿರಿ.

ಜೊತೆಗೇ ಇದನ್ನೂ ಬರೆಯಿರಿ. ವಿಲ್ಸನ್ ತೋರಿಸಿದ ದಾರಿ ಹಿಡಿದ ಪೊಲೀಸಿನವನು ಕಾರು ಹತ್ತಿದ, ಕಿಟಕಿ ಏರಿಸಿದ. ಕರೆ ಬಂದಲ್ಲಿಗೆ ಬೇಗ ಹೋಗುತ್ತಾನೆ, ಆದರೆ ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲ. ಅಮೆರಿಕದವರು ಆಮೇಲೆ ಸಮುದಾಯ ಪೊಲೀಸಿಂಗ್ ಅಂತ ಶುರು ಮಾಡಿ ಅವನನ್ನು ಮತ್ತೆ ಕೆಳಗೆ ಇಳಿಸಬೇಕಾಯಿತು. ನಮ್ಮಲ್ಲಿ ಜನಸ್ನೇಹಿ ಪೊಲೀಸ್, ಬೀಟ್ ಸಭೆ ಅಂತ ಮಾಡುತ್ತಿರುವುದೂ ಅದೇ ಕೆಲಸ.

ಪರೀಕ್ಷೆ ಯಾವಾಗ? ಎಂಒಬಿ ಬಗ್ಗೆ, ಪಾಯಿಂಟ್ ಬುಕ್ ಬಗ್ಗೆ ಇನ್ನೂ ಏನಾದರೂ ಬೇಕಿದ್ದರೆ ಇಲ್ಲೇ ಕೇಳಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಮೇಲೆ ನೋಡುತ್ತೇನೆ.